ಎರಡನೇ ಸಾಕ್ಷಿ

ಜಕ್ಕಪ್ಪ ಹೆಬ್ಬೆರಳನ್ನು ಮಸಿಗೊತ್ತಿ ಮೃತ್ಯುಪತ್ರದ ಮೇಲೆ ಊರಿದ. ಕಾಗದ ಜರುಗದಂತೆ ಮಗಳು ಹೊಳೆವ್ವ ಅಂಚು ಹಿಡಿದಿದ್ದಳು. ಪಕ್ಕದ ಮನೆಯ ಗುರಪ್ಪ ಕಣ್ಣಾರೆ ನೋಡಿ, ಸಾಕ್ಷಿಯಾಗಿ ಸಹಿ ಹಾಕಿದ. ಎರಡನೇ ಸಾಕ್ಷಿಯ ಜಾಗದಲ್ಲಿ ಜಕ್ಕಪ್ಪ ಮನೆದೇವರು ಬೀರಪ್ಪನ ಭಂಡಾರ ಚಿಟಿಕೆ ತೆಗೆದು ತಿಕ್ಕಿದ. ಅರಿಶಿನದ ಕಲೆ ಕೂತಿತು.

“ಬೀರಪ್ಪ ನೋಡ್ಯಾನ. ಆತು.”

ಗುರಪ್ಪ ಕೈಮುಗಿದ. ಭಂಡಾರ ಮುಟ್ಟಿ ಆಡಿದ ಮಾತನ್ನು ಆ ಮನೆಯಲ್ಲಿ ಯಾರೂ ಮುರಿದವರಿಲ್ಲ.

ಬಾಗಿಲಿಗೆ ಒರಗಿ ನಿಂತಿದ್ದ ಮಗ ಭೀಮಶಿ ನಗು ತಡೆದುಕೊಂಡ. ಅಪ್ಪ ಪತ್ರ ಬರೆಸುತ್ತಾನೆಂದು ತಿಳಿದ ದಿನವೇ ಗಲಗಲಿಯಿಂದ ಜಮಖಂಡಿಗೆ ಹೋಗಿ ವಕೀಲರನ್ನು ಕೇಳಿ ಬಂದಿದ್ದ. ಇಬ್ಬರು ಮನುಷ್ಯರು ಸಹಿ ಮಾಡಬೇಕು. ಇಲ್ಲದಿದ್ದರೆ ಪತ್ರ ನಿಲ್ಲುವುದಿಲ್ಲ. ಅಪ್ಪ ಸ್ವಂತ ದುಡಿದು ಕೊಂಡ ಹೊಲ ಅವನ ನಂತರ ಮಕ್ಕಳಿಬ್ಬರಿಗೂ ಸರಿಪಾಲು. ಭೀಮಶಿ ಸುಮ್ಮನಿದ್ದರೆ ಸಾಕಿತ್ತು.

ಅಣೆಕಟ್ಟಿನ ಹಿನ್ನೀರು ನುಂಗದೆ ಉಳಿದದ್ದು ದಿನ್ನೆಯ ಮೇಲಿನ ಅದೊಂದೇ ಹೊಲ. ಪತ್ರದಲ್ಲಿ ಅದು ಪೂರ್ತಿ ಹೊಳೆವ್ವನಿಗೆ. ಗಂಡ ಸತ್ತು ತವರಿಗೆ ಬಂದವಳು ಅಪ್ಪನ ಜೊತೆ ಕುರಿ ಕಾಯ್ದಿದ್ದಳು. ಅಪ್ಪನ ಕಂಬಳಿ ಈಗ ಅವಳ ಹೆಗಲ ಮೇಲೆಯೇ ಇರುತ್ತಿತ್ತು. ಅದನ್ನು ಕಂಡರೆ ಭೀಮಶಿಗೆ ಹೊಟ್ಟೆ ಉರಿಯುತ್ತಿತ್ತು. ಅವನು ಸಿಳ್ಳು ಹಾಕಿದರೆ ಕುರಿಗಳು ಸಹ ತಲೆಯೆತ್ತುತ್ತಿರಲಿಲ್ಲ.

ಹೊಳೆವ್ವ ಅವನ ಮುಖ ನೋಡಿದಳು. “ಯಣ್ಣಾ, ಸಿಟ್ಟಾಗಬ್ಯಾಡ. ನನಗ ಅರ್ಧಾ ಸಾಕು. ಅರ್ಧಾ ನಿನಗ ಕೊಡ್ತೀನಿ.”

ಅಪ್ಪ ಅವಳ ತಲೆ ಸವರಿದ. “ನೋಡಲೇ, ಮನಸಂದ್ರ ಇದು.”

ಆ ಕೈ ತನ್ನ ತಲೆಯ ಮೇಲೆ ಯಾವಾಗ ಬಿದ್ದಿತ್ತೆಂದು ಭೀಮಶಿಗೆ ನೆನಪಾಗಲಿಲ್ಲ. ತಾನಾಗಿಯೇ ಬರಲಿದ್ದ ಪಾಲು ಈಗ ಇವಳ ಭಿಕ್ಷೆಯಾಗಿಬಿಟ್ಟಿತ್ತು.

“ಕೊಡಾಕ ನಿಂದೇನೈತಿ? ಆ ಪತ್ರ ನಡ್ಯೂದಿಲ್ಲ. ಬೀರಪ್ಪ ಕೋರ್ಟಿಗೆ ಬರ್ತಾನೇನು? ಇನ್ನೊಬ್ಬ ಮನಶ್ಯಾನ ಸಹಿ ಬೇಕು.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಛಲೋ ಹೇಳಿದಿ ನೋಡಪಾ,” ಎಂದು ಗುರಪ್ಪ ಎದ್ದ. “ದೇವರಿಗಿ ಸಾಲಿ ಕಲಿಸಿದವರ‍್ಯಾರು? ತಡಿ, ಓಣ್ಯಾಗಿನ ಮುರಗೆಪ್ಪನ್ನ ಕರಕೊಂಡು ಬರ್ತೀನಿ.”

“ಅಂವ ಯಾಕ? ಕುಂದ್ರು.” ಜಕ್ಕಪ್ಪ ಪೆನ್ನನ್ನು ಮಗನತ್ತ ಚಾಚಿದ. “ನಾ ಹೆಬ್ಬೆಟ್ಟು ಒತ್ತಿದ್ದು ಇಂವನೂ ನೋಡ್ಯಾನ. ಬೀರಪ್ಪನ ಜಾಗಾದಾಗ ನೀ ಹಾಕಲೇ ಭೀಮಶಿ. ಮಗಾ ಅದಿ.”

ಭೀಮಶಿ ಪೆನ್ನು ನೋಡಿದ. ಅದಕ್ಕೂ ಭಂಡಾರ ಹತ್ತಿತ್ತು; ಹಿಡಿದರೆ ಮಾತು ಕೊಟ್ಟಂತೆ.

“ಹಾಕೂದಿಲ್ಲ,” ಎಂದ.