ಮುನಿಶಾಮಿ ಹಾಕಿದ ಕಾರ್ಡುಗಳು

ಎಂಬತ್ತನಾಲ್ಕರಲ್ಲಿ ಕೋಲಾರದ ಒಂದು ಸ್ಕೂಲಿನಲ್ಲಿ ಮನೇಲೇ ರೇಡಿಯೋ ಸೆಟ್ಟಿಟ್ಕೊಂಡು ಒಬ್ಬರಿಗೊಬ್ಬರು ಸಂದೇಶ ಕಳ್ಸೋ ಹ್ಯಾಮ್ ರೇಡಿಯೋದವರೆಲ್ಲ ಸೇರಿ, ಹಳೇ ಸೆಟ್ಟು ಮಾರೋದು, ಬದಲಾಯಿಸ್ಕೊಳ್ಳೋದು ಇಟ್ಕೊಂಡಿದ್ರು. ನಾನೂ ನನ್ನ ಸೆಟ್ಟನ್ನ ಗೋಣಿಚೀಲದಲ್ಲಿ ಸುತ್ಕೊಂಡು ನಮ್ಮೂರು ಟೇಕಲ್‌ನಿಂದ ಹೋದೆ. ಮೂವತ್ತು ವರ್ಷ ರೈಲ್ವೆಯಲ್ಲಿ ಟಕಟಕ ಅಂತ ಕೀ ಒತ್ತಿ ತಂತಿ ಕಳ್ಸಿದೋನು ನಾನು, ಚನ್ನರಾಯಪ್ಪ. ಕಿವಿ ಹೋಗಿತ್ತು, ಹತ್ರ ಬಂದು ಕೂಗಿದ್ರೆ ಮಾತ್ರ ಕೇಳೋದು. ಸೆಟ್ಟಿನಲ್ಲಿ ಬರೋದು ಕೇಳದಿದ್ರೆ ಬಿಡಿ, ಕೀ ಒತ್ತಿ ಕಳ್ಸೋದಕ್ಕೇನು ಧಾಡಿ?

ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಮುಳಬಾಗಿಲಿನ ಸ್ನೇಹಿತ ಮುನಿಶಾಮಿಗೆ ಒತ್ತುತ್ತಿದ್ದೆ. ನನಗೆ ಕೇಳೋಲ್ಲ ಅಂತ ಅವನು ಅಂಚೆ ಕಾರ್ಡಲ್ಲಿ ಉತ್ತರ ಹಾಕೋನು, ಬುಧವಾರದೊಳಗೆ ಬರೋದು. 'ಐನೂರ ತೊಂಬತ್ತೊಂಬತ್ತು.' ನಮ್ಮ ಭಾಷೇಲಿ ಅದು ಪೂರ್ತಿ ಮಾರ್ಕು, ಚೆನ್ನಾಗಿ ಕೇಳಿಸ್ತು ಅಂತ.

ಹಿಂದಿನ ವರ್ಷ ನನ್ನ ಹೆಂಡ್ತಿ ಭಾರತಮ್ಮ ತೀರ್ಕೊಂಡ್ಳು. ಎಲ್ಲರಿಗೂ ಕಾಗದ ಹಾಕಿದೆ, ಮುನಿಶಾಮಿಗೆ ಹಾಕ್ಲಿಲ್ಲ. ಸೆಟ್ಟಿರುವಾಗ ನಮ್ಮೋನಿಗೆ ಯಾರಾದ್ರೂ ಕಾಗದ ಬರೀತಾರಾ? ಮೂರು ಸಲ ಒತ್ತಿ ಹೇಳಿದೆ. ಕಾರ್ಡು ಬಂತು. 'ಐನೂರ ತೊಂಬತ್ತೊಂಬತ್ತು. ಚೆನ್ನಾಗಿ ಕೇಳಿಸಿತು.' ಅಷ್ಟೇ. ಮನುಷ್ಯ ಬರ್ಲೇ ಇಲ್ಲ. ಅವತ್ತಿಂದ ಬರೀ ನಮಸ್ಕಾರ ಒತ್ತಿ ಎದ್ದುಬಿಡ್ತಿದ್ದೆ.

ಕೋಲಾರಕ್ಕೆ ಹೋಗೋ ಮೂರು ತಿಂಗಳ ಮುಂಚೆ ಅವನೂ ಹೋದ. ತಿಥಿಗೆ ಕಾಗದ ಬಂತು. ಭಾರತಮ್ಮ ಹೋದಾಗ ನೀನು ಬಂದಿದ್ಯೇನೋ, ಅಂದ್ಕೊಂಡು ನಾನೂ ಹೋಗ್ಲಿಲ್ಲ. ಆಮೇಲೆ ಒತ್ತೋಕೆ ಆ ಕಡೆ ಯಾರೂ ಇರ್ಲಿಲ್ಲ. ಅದಕ್ಕೇ ಸೆಟ್ಟು ಮಾರೋಣ ಅಂತ.

ಅಶ್ವತ್ಥಪ್ಪ ಅಂತ ಒಬ್ರು ಮೇಷ್ಟ್ರು ನೋಡೋಕೆ ಬಂದ್ರು. ಕೆಲ್ಸ ಮಾಡುತ್ತಾ ಅಂದ್ರು. ಇನ್ನೇನು ಸುಳ್ಳು ಹೇಳ್ತೀನಾ ಅಂತ ಮುನಿಶಾಮಿ ಕಾರ್ಡುಗಳ ಕಟ್ಟನ್ನೇ ಅವರ ಮುಖಕ್ಕೆ ಹಿಡಿದೆ. ಅವರು ಏರಿಯಲ್ ಜಾಗಕ್ಕೆ ಬಲ್ಬು ಸಿಕ್ಸಿ, ಒತ್ತಿ, ಸಿಗ್ನಲ್ ಹೊರಗೆ ಹೋದ್ರೆ ಇದು ಹತ್ತುತ್ತೆ ಅಂದ್ರು. ಒತ್ತಿದೆ. ಬಲ್ಬು ಹತ್ಲಿಲ್ಲ. ಮುಚ್ಚಳ ಬಿಚ್ಚಿ ನೋಡಿ ಕಿವಿ ಹತ್ರ ಬಂದ್ರು.

"ಏರಿಯಲ್‌ಗೆ ಹೋಗೋ ತಂತೀನ ಇಲಿ ಕಡಿದಿದೆ ಯಜಮಾನ್ರೇ. ತುದಿ ಕಿಲುಬು ಹಿಡಿದು, ಅದರ ಮೇಲೆ ಕಣಜ ಗೂಡು ಕಟ್ಟಿದೆ. ಎರಡು ವರ್ಷದಿಂದ ಒಂದಕ್ಷರಾನೂ ಈ ಡಬ್ಬಿ ದಾಟಿರಲ್ಲ."

ನನಗೆ ಏನೂ ಅನ್ನಿಸ್ಲಿಲ್ಲ. ಅಳು ಬರ್ಲಿಲ್ಲ, ಕೋಪಾನೂ ಬರ್ಲಿಲ್ಲ. ಬಿಡಿಭಾಗಕ್ಕಾದ್ರೆ ತಗೊಳ್ತೀನಿ ಅಂದ್ರು. ತಗೊಳ್ಳಿ ಅಂದೆ. ಬಸ್ ಸ್ಟ್ಯಾಂಡಿಗೆ ಬಂದು ಮುಳಬಾಗಿಲಿನ ಬಸ್ಸು ಹತ್ತಿ ಕೂತೆ.

ಮುನಿಶಾಮಿ ಹೆಂಡ್ತಿ ಅಕ್ಕಯಮ್ಮ ನೀರು ಕೊಟ್ಟು ಪಕ್ಕದಲ್ಲೇ ಕೂತ್ಲು. ಕಾರ್ಡಿನ ವಿಷಯ ಕೇಳಿದೆ.

"ಎರಡು ವರ್ಷದಿಂದ ಏನೂ ಬರ್ತಿರ್ಲಿಲ್ಲಣ್ಣ," ಅಂತ ಕೂಗಿ ಹೇಳಿದ್ಲು. "ಆದ್ರೂ ಭಾನುವಾರ ಏಳಕ್ಕೆ ಕೂತ್ಕೊಳ್ಳೋರು. ಚನ್ನರಾಯಪ್ಪಂಗೆ ಕಿವೀನೂ ಹೋಯ್ತು, ಈಗ ಸೆಟ್ಟೂ ಹೋಯ್ತು, ಅದನ್ನ ಅವನಿಗೆ ಹೆಂಗೇ ಹೇಳ್ಲಿ ಅಂತಿದ್ರು. ಎದ್ದು ಕಾರ್ಡು ಬರೆದು ಹಾಕೋರು."

ನಾನು ನೀರು ಕುಡಿದು ಮುಗಿಸ್ದೆ. ಅವಳು ಲೋಟ ಈಸ್ಕೊಂಡು, "ಭಾರತಕ್ಕನ್ನ ಯಾಕೆ ಕರ್ಕೊಂಡು ಬರ್ಲಿಲ್ಲ?" ಅಂದ್ಲು.

"ಹೋದ ಶ್ರಾವಣದಲ್ಲೇ ತೀರ್ಕೊಂಡ್ಳು ಕಣಮ್ಮ," ಅಂದೆ. "ಎಲ್ಲರಿಗಿಂತ ಮೊದಲು ಮುನಿಶಾಮಿಗೇ ಹೇಳಿದ್ದೆ."