ಸವೇತಾಳ ಬಾಗಿಲಲ್ಲಿ ಕುರಿಗಾರನ ಹಾಡು

ಸವೇತಾಳಿಗೆ ನಲವತ್ತು ದಾಟಿತ್ತು. ಆದರೂ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಹಾಡಿನ ತಂಡದ ಗಂಡಸರು ಅವಳ ಬಾಗಿಲಲ್ಲಿ ನಿಂತು ಹಾಡುತ್ತಿದ್ದದ್ದು ಮದುವೆ ವಯಸ್ಸಿಗೆ ಬಂದ ಹುಡುಗಿಯ ಹಾಡನ್ನೇ.

ನಮ್ಮ ರೊಮೇನಿಯಾದ ಬೆಟ್ಟದೂರುಗಳಲ್ಲಿ ಹಬ್ಬದ ಹಾಡಿಗೆ ಧಾಟಿ ಒಂದೇ, ಪದ ಮಾತ್ರ ಮನೆಗೊಂದು. ಪಾದ್ರಿಯ ಮನೆಗೆ ಒಂದು, ಹೊಸ ಮದುಮಕ್ಕಳಿಗೆ ಇನ್ನೊಂದು. ಕುರಿಗಾರನದು ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಚೆಂದ. ಅದರಲ್ಲಿ ಮಂಜು ಇಳಿದಂತೆ ಮಂದೆ ಬೆಟ್ಟ ಇಳಿಯುತ್ತದೆ, ಕೋಲೂರಿಕೊಂಡ ಯಜಮಾನ ತೋಳಕ್ಕೆ ಸವಾಲು ಹಾಕುತ್ತಾನೆ. ಹುಡುಗಿಯ ಹಾಡಿನಲ್ಲಿ ಅಂಥದ್ದೇನೂ ಇಲ್ಲ. ಅವಳು ಕಿಟಕಿಯ ಬಳಿ ಕೂತು ಅಂಗಿಗೆ ಕಸೂತಿ ಹಾಕುತ್ತಾ ಕುದುರೆ ಸದ್ದಿಗೆ ಕಿವಿಗೊಡುತ್ತಾಳೆ, ಅಷ್ಟೇ.

ಸವೇತಾಳ ಅಪ್ಪ ತೊವಾದೆರ್ ಊರಿನ ಕುರಿಗಾರ. ಬೇಸಿಗೆಯಿಡೀ ಎಲ್ಲರ ಕುರಿಗಳನ್ನೂ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಹಾಲು ಹೆಪ್ಪುಗಟ್ಟಿಸಿ ಚೀಸಿನಂಥ ಗಿಣ್ಣು ಮಾಡಿ, ಶರತ್ಕಾಲದಲ್ಲಿ ಅವರವರ ಪಾಲು ಹಂಚುತ್ತಿದ್ದ. ಅವನಿದ್ದಾಗ ಆ ಬಾಗಿಲಲ್ಲಿ ಮೊದಲು ಅವನ ಹಾಡು, ಆಮೇಲೆ ಮಗಳದು. ಅವನು ಸತ್ತ ವರ್ಷ ಶೋಕದ ಮನೆಯೆಂದು ಯಾರೂ ಹಾಡಲಿಲ್ಲ. ಮರುವರ್ಷ ಬಂದವರು ಹುಡುಗಿಯ ಹಾಡೊಂದನ್ನೇ ಹಾಡಿದರು. 'ಎಳೆಯ ಸೇಬಿನಂಥ ಕೆನ್ನೆ' ಅನ್ನುವಾಗ ಹಿಂದಿನ ಸಾಲಿನವರು ಕಿಸಕ್ಕೆಂದದ್ದನ್ನು ನಾನು ಕೇಳಿದೆ. ಪಕ್ಕದ ಮನೆಯವಳು ನಾನು, ಬೇಲಿಯಾಚೆ ನಿಂತಿದ್ದೆ. ಸವೇತಾಳೂ ಕೇಳಿಸಿಕೊಂಡಳು.

ಆ ಹೊತ್ತಿಗಾಗಲೇ ಊರಿನ ಕುರಿಗಳನ್ನು ಕಾಯುತ್ತಿದ್ದವಳು ಅವಳೇ. ಮುಂದಿನ ಅಕ್ಟೋಬರಿನಲ್ಲಿ ಅಕಾಲದ ಹಿಮ ಸುರಿದಾಗ, ಕೆಳಗಿನವರೆಲ್ಲ ಕುರಿಗಳು ಹೋದವೆಂದೇ ಕೈಚೆಲ್ಲಿ ಕೂತಿದ್ದರು. ಅವಳು ಮೊಣಕಾಲುದ್ದದ ಹಿಮದಲ್ಲಿ ದಾರಿ ಮಾಡಿಕೊಂಡು ಮಂದೆಯನ್ನು ಇಳಿಸಿ ತಂದಳು. ಒಂದು ಮರಿಯನ್ನು ಕೋಟಿನೊಳಗೆ ಇಟ್ಟುಕೊಂಡಿದ್ದಳು. ಬೆರಳುಗಳು ಮಡಚುತ್ತಿರಲಿಲ್ಲ, ಬೂಟಿನ ದಾರ ನಾನೇ ಬಿಚ್ಚಿದೆ.

ಡಿಸೆಂಬರಿನಲ್ಲಿ ತಂಡ ತಾಲೀಮು ನಡೆಸುತ್ತಿದ್ದ ಸಭಾಭವನಕ್ಕೆ ಅವಳು ಹೋದಾಗ ನಾನೂ ಜೊತೆಗಿದ್ದೆ. ತಂಡದ ಮುಖಂಡ ಗವ್ರಿಲ, ದಪ್ಪ ದನಿಯ ಮನುಷ್ಯ. ನನ್ನ ಗಂಡ ಸ್ಪಿರಿದೋನ್ ಅವನ ಬಲಗಡೆಗೆ ನಿಲ್ಲುವವನು.

"ಗವ್ರಿಲಣ್ಣ, ಈ ಸಲ ನಮ್ಮನೇಲಿ ಕುರಿಗಾರನ ಹಾಡು ಹಾಡ್ಬೇಕು."

"ಕುರಿಗಾರ ಎಲ್ಲಿದ್ದಾನಮ್ಮಾ ನಿಮ್ಮನೇಲಿ? ತೊವಾದೆರಣ್ಣ ಹೋಗ್ಬಿಟ್ನಲ್ಲ."

"ಮತ್ತೆ ಬೇಸ್ಗೆಯೆಲ್ಲ ನಿನ್ ಕುರಿ ಕಾದೋರ್ಯಾರು? ದೇವದೂತರಾ?"

ಗಂಡಸರು ನಕ್ಕರು. ಗವ್ರಿಲನೂ ನಕ್ಕ. "ಅದ್ರಲ್ಲಿ ಮೀಸೆ ತಿರುವೋ ಯಜಮಾನ ಅಂತ ಬರುತ್ತೆ ಕಣಮ್ಮ. ನಿಂಗೆಲ್ಲಿದೆ ಮೀಸೆ?"

"ಮೀಸೆ ಬಿಟ್ಟು ಹಾಡಿ."

"ಅಜ್ಜ ಮುತ್ತಜ್ಜನ ಕಾಲದ ಪದ. ಒಂದಕ್ಷರ ಮುಟ್ಟಂಗಿಲ್ಲ."

"ಹೌದಾ? ಹೋದ್ವರ್ಷ ಮೇಯರ್ ಮನೇಲಿ ಅವ್ನ ಹೊಸ ಕಾರಿನ ಮೇಲೆ ಪದ ಕಟ್ಟಿ ಹಾಡಿದ್ರಲ್ಲ! ನಿಮ್ಮಜ್ಜ ಓಡಿಸ್ತಿದ್ನಾ ಆ ಕಾರು?"

ಈ ಸಲ ಯಾರೂ ನಗಲಿಲ್ಲ. ಗವ್ರಿಲನ ಕತ್ತು ಕೆಂಪಾಯಿತು. "ಗಂಡು ದಿಕ್ಕಿಲ್ಲದ ಮನೆ ಮುಂದೆ ನಿಂತು ಹಾಡೋದೇ ಹೆಚ್ಚು. ಹೋಗಮ್ಮ, ರೊಟ್ಟಿ ಬೇಯ್ಸು ಹೋಗು."

ಹಬ್ಬದ ಸಂಜೆ ನಾನು ಅವಳ ಅಡಿಗೆಮನೆಯಲ್ಲೇ ಇದ್ದೆ. ತಂಡಕ್ಕೆ ಕೊಡುವ, ಜಡೆಯಂತೆ ಹೆಣೆದು ಬೇಯಿಸಿದ ಜಡೆರೊಟ್ಟಿ ಮೇಜಿನ ಮೇಲಿತ್ತು, ಪಕ್ಕದಲ್ಲಿ ಪ್ಲಮ್ ಸಾರಾಯಿ. ಅವಳ ತಾಯಿ ನಸ್ತಾಸಿಯಾ ಒಲೆಯ ಬಳಿ ಕೂತು ಶಾಲು ಸರಿಮಾಡಿಕೊಳ್ಳುತ್ತಿದ್ದಳು. ಸವೇತಾ ಅಪ್ಪನ ಉಣ್ಣೆಕೋಟು ತೊಟ್ಟು ಹೊಸ್ತಿಲಲ್ಲಿ ನಿಂತಳು. ತಂಡ ಅಂಗಳಕ್ಕೆ ಬಂತು.

"ಯಾರಿಗೆ ಹಾಡೋಣ?" ಗವ್ರಿಲ ಪದ್ಧತಿಯ ಪ್ರಕಾರ ಕೇಳಿದ.

"ಈ ಮನೆ ಕುರಿಗಾರ್ತಿಗೆ."

ಅವನು ತಲೆಯೆತ್ತಿ, ಕಿಟಕಿಯ ಬಳಿ ಕೂತ ಹುಡುಗಿಯ ಹಾಡನ್ನೇ ಎತ್ತಿಕೊಂಡ. ಉಳಿದವರೂ ದನಿಗೂಡಿಸಿದರು. ನನ್ನ ಗಂಡನೂ ಸೇರಿದ.

ಮೊದಲ ಚರಣ ಮುಗಿಯುವವರೆಗೂ ಅವಳು ಅಲುಗಲಿಲ್ಲ. ಆಮೇಲೆ ಅಂಗಳಕ್ಕಿಳಿದು ಗವ್ರಿಲನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ನಿಲ್ಸು! ನಿಲ್ಸು ಅಂದೆ! ನನ್ನ ಗಿಣ್ಣು ತಿಂದ ಬಾಯಲ್ಲಿ ನನ್ನನ್ನೇ ಆಡ್ಕೋತೀರಾ? ಹಿಮದಲ್ಲಿ ನಿಮ್ಮ ಕುರಿ ಹೊತ್ಕೊಂಡು ಬಂದಾಗ ನಾನು ಕಸೂತಿ ಹಾಕ್ತಿದ್ನಾ? ಯಾವ್ ಕುದುರೆ ಸದ್ದು ಕಾಯ್ತಿದ್ದೆ? ಹೇಳು!"

"ಸವೇತಾ, ಹಬ್ಬದ ದಿನ ಹೀಗೆಲ್ಲ..." ಎಂದು ಸ್ಪಿರಿದೋನ್ ಬಾಯಿ ಹಾಕಿದ.

"ನೀನು ಮಾತಾಡ್ಬೇಡ! ನಾನು ಕೋಟಿನೊಳಗಿಟ್ಟು ತಂದ ಮರಿ ನಿಂದೇ ಕಣೋ!"

ಅವಳು ಒಳಗೆ ಬಂದು ಬಾಗಿಲು ಹಾಕಿ ಅಗಣಿ ಜಡಿದಳು. ರೊಟ್ಟಿ ಮೇಜಿನ ಮೇಲೇ ಉಳಿಯಿತು. ಹಾಡಿದವರನ್ನು ಬರಿಗೈಯಲ್ಲಿ ಕಳಿಸಿದ ಮನೆಗೆ ವರ್ಷವಿಡೀ ಒಳ್ಳೆಯದಾಗದೆಂಬ ನಂಬಿಕೆ ನಮ್ಮಲ್ಲಿದೆ. ನಸ್ತಾಸಿಯಾ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾ ಅಳತೊಡಗಿದಳು. "ಏನ್ ಮಾಡ್ಬಿಟ್ಟೆ ಮಗಳೇ!"

"ಅಳು ಅವ್ವ, ನೀನು ಅಳು. ನಂಗೆ ಮಾತ್ರ ಅಳು ಬರಲ್ಲ."

ಮನೆಗೆ ಹೋದವಳೇ ನಾನು ಗಂಡನ ಮೇಲೆ ಹರಿಹಾಯ್ದೆ. "ನೀನೂ ಹಾಡ್ದೆಯಲ್ಲ, ನಾಚ್ಕೆ ಆಗ್ಲಿಲ್ವಾ?"

"ಎಲ್ರೂ ಹಾಡಿದ್ರು, ನಾನೊಬ್ನೇ ಬಾಯ್ಮುಚ್ಕೊಂಡು ನಿಂತ್ಕೊಳ್ಲಾ?"

"ನಿಂತ್ಕೋಬೇಕಿತ್ತು!"

ವಸಂತ ಬಂತು. ಜನ ಕುರಿಗಳನ್ನು ಹೊಡೆದುಕೊಂಡು ಸವೇತಾಳ ದೊಡ್ಡಿಗೆ ಹೋದರು. ಅವಳು ತಡಿಕೆಯ ಬಳಿ ನಿಂತು, ತಂಡದಲ್ಲಿ ಹಾಡಿದ ಒಬ್ಬೊಬ್ಬನ ಕುರಿಯನ್ನೂ ವಾಪಸು ಅಟ್ಟಿದಳು. ನಾನು ಸಲಿಗೆಯಿಂದ ಮುಂದೆ ಹೋದೆ.

"ನಾನೇನ್ ಮಾಡಿದ್ನೇ ಸವೇತಾ?"

"ನೀನೇನೂ ಮಾಡಿಲ್ಲಕ್ಕ. ಕುರಿ ನಿನ್ ಗಂಡಂದು. ಕಸೂತಿ ಹಾಕೋಳ ಹತ್ರ ಕುರಿ ಬಿಡಬಾರ್ದು ಅಂತ ಹೇಳು ಅವ್ನಿಗೆ."

ನನಗೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಆ ಬೇಸಿಗೆ ನಮ್ಮ ಕುರಿಗಳು ಕಣಿವೆಯಾಚೆಯ ಯಾರೋ ಕುರಿಗಾರನ ಕೈಗೆ ಹೋದವು, ಮರಳುವಾಗ ಪಕ್ಕೆಲುಬು ಎಣಿಸುವಂತಿದ್ದವು. ಚಳಿಗಾಲಕ್ಕೆ ಗಿಣ್ಣನ್ನು ಸಿಬಿಯು ಪೇಟೆಯಿಂದ ತಂದೆವು. ಅದು ಸುಣ್ಣದ ಹಾಗಿತ್ತು. ಹಾಡುವವರ ಹೆಂಡತಿಯರು ಬಾವಿಕಟ್ಟೆಯಲ್ಲೂ ಇಗರ್ಜಿಯ ಮೆಟ್ಟಿಲಲ್ಲೂ ಗವ್ರಿಲನ ಹೆಸರು ಹಿಡಿದು ಬೈಯತೊಡಗಿದರು.

ಮುಂದಿನ ಡಿಸೆಂಬರಿನ ತಾಲೀಮಿನಲ್ಲಿ ಸ್ಪಿರಿದೋನ್ ಮಾತೆತ್ತಿದ. "ಒಂದ್ ಪದ ಬದಲಾಯ್ಸಿದ್ರೆ ಆಕಾಶ ಬೀಳುತ್ತಾ?"

"ಹಾಗಾದ್ರೆ ನೀವೇ ಹಾಡ್ಕೊಳಿ," ಎಂದು ಗವ್ರಿಲ ಟೋಪಿ ಎತ್ತಿಕೊಂಡು ಹೊರಟುಹೋದ.

ಆ ಹಬ್ಬದ ಸಂಜೆ ಮುಖಂಡನಿಲ್ಲದ ತಂಡ ಸವೇತಾಳ ಅಂಗಳಕ್ಕೆ ಬಂತು. ಅವಳು ಬಾಗಿಲು ತೆರೆದಳು, ಆದರೆ ಹೊಸ್ತಿಲು ದಾಟಲಿಲ್ಲ. ಸ್ಪಿರಿದೋನ್ ಏನನ್ನೂ ಕೇಳದೆ ಕುರಿಗಾರನ ಹಾಡು ಎತ್ತಿಕೊಂಡ. ಶ್ರುತಿ ತೀರಾ ಮೇಲೇರಿತು. ಯಜಮಾನ ಬರುವ ಕಡೆ 'ತೊವಾದೆರನ ಮಗಳು' ಎಂದು ಹಾಡಬೇಕಿತ್ತು. ಇಬ್ಬರು ಮರೆತು ಯಜಮಾನನನ್ನೇ ಹಾಡಿಬಿಟ್ಟರು, ಉಳಿದವರು ತೊದಲಿದರು. ಆದರೂ ಬೆಟ್ಟವಿಳಿಯುವ ಮಂದೆಯನ್ನು ಕೊನೆಯವರೆಗೂ ಇಳಿಸಿದರು. ಒಳಗೆ ನಸ್ತಾಸಿಯಾ ಬಿಕ್ಕುತ್ತಿದ್ದಳು.

ಸವೇತಾಳ ಮುಖ ಮೃದುವಾಗುತ್ತದೆಂದು ನಾನು ಕಾದೆ. ಆಗಲಿಲ್ಲ.

"ಇಷ್ಟೇ ಅಲ್ವಾ?" ಎಂದಳು. "ಇಷ್ಟು ಸುಲಭದ್ದಕ್ಕೆ ಒಂದು ವರ್ಷ ನನ್ನನ್ನ ಊರಿನ ಶನಿ ಮಾಡಿದ್ರಲ್ಲ? ನಮ್ಮವ್ವ ವರ್ಷವೆಲ್ಲ ಹೆದರ್ಕೊಂಡು ಬದುಕಿದ್ಳಲ್ಲ?"

ಸ್ಪಿರಿದೋನ್ ಟೋಪಿ ತೆಗೆದ. "ತಪ್ಪಾಯ್ತು ತಂಗಿ," ಎಂದ.

"ಆಯ್ತು. ಒಳಗ್ ಬನ್ನಿ. ಬೂಟಿನ ಹಿಮ ಕೊಡವ್ಕೊಂಡು ಬನ್ನಿ."

ಜಡೆರೊಟ್ಟಿ ಕೊಟ್ಟಳು, ಸಾರಾಯಿ ಬಗ್ಗಿಸಿದಳು. ನಗಲಿಲ್ಲ. ಮೇ ತಿಂಗಳಲ್ಲಿ ನಮ್ಮ ಕುರಿಗಳು ಮತ್ತೆ ಅವಳ ಮಂದೆ ಸೇರಿದವು. ಗವ್ರಿಲ ಕೇಳಲು ಹೋಗಲಿಲ್ಲ, ಅವಳೂ ಕರೆಯಲಿಲ್ಲ. ಅವನು ಇದ್ದ ಕುರಿಗಳನ್ನೆಲ್ಲ ಮಾರಿಬಿಟ್ಟ.