ಮಾವನನ್ನು ಕೇಳಿದ ಮಾತು

ತೀರ್ಥಪ್ಪ ಡಾಕ್ಟರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಓಂಕಾರಮೂರ್ತಿಗೆ ಕೂತ ಕುರ್ಚಿಯೇ ಕಾದಂತಾಯಿತು. ಹೆಸರಿದ್ದ ಮೂಲೆಗೆ ಕಾಗದ ಅಂಟಿಸಿದ್ದರು. ಆದರೂ ಅದು ಅಜ್ಜಂಪುರದ ಇವನ ಡಾಕ್ಟರ್ ಶಾಪಿಗೆ ಬಂದವಳದೇ. "ಮುಂದೇನು ಮಾಡಲಿ ಸಾರ್" ಎಂದು ಇವನೇ ಅವರಿಗೆ ಕೊಟ್ಟದ್ದು. ಕಡೂರಿನಲ್ಲಿ ಅವತ್ತು ಸುತ್ತಲಿನ ಡಾಕ್ಟರುಗಳಿಗೆ ಎಕ್ಸ್-ರೇ ಯಾವಾಗ ಬೇಕು, ಯಾವಾಗ ಬೇಡ ಎಂಬ ಪಾಠ.

"ನಡುನೋವು ಅಂತ ಬಂದ ಹೆಣ್ಮಗಳು. ಇಲ್ಲಿ ನೋಡ್ರಪ್ಪ."

ಸೊಂಟದ ಮೂಳೆಗಳ ನಡುವೆ ನೂಲೆಳೆಯಂಥ ಇನ್ನೊಂದು ಬೆನ್ನೆಲುಬು.

"ಯಾವ ದನದ ಡಾಕ್ಟ್ರು ಸಾರ್ ಇದನ್ನ ತೆಗೆಸಿದ್ದು?" ಎಂದ ಬೀರೂರಿನ ಬಸವರಾಜಪ್ಪ. ಎಲ್ಲರೂ ನಕ್ಕರು. ಓಂಕಾರಮೂರ್ತಿಯೂ ನಕ್ಕ. ತೀರ್ಥಪ್ಪನವರು ಅವನತ್ತ ನೋಡಲಿಲ್ಲ.

"ನಡು ಉಳುಕಿದ್ದಕ್ಕೆ ಫೋಟೊ ಯಾಕ್ರಯ್ಯಾ? ಬಿಸಿ ಶಾಖ ಕೊಟ್ಟು ಮಲಗ್ಸಿ. ತೆಗೆಸ್ಲೇಬೇಕು ಅಂದ್ರೆ ಮೊದ್ಲು ಮುಟ್ಟಿನ ವಿಷಯ ಕೇಳಿ. ಅವಳನ್ನ ಕೇಳಿ."

ಇವನು ಕೇಳಿದ್ದ, ಅವಳ ಮಾವನನ್ನು. ಈರಭದ್ರಪ್ಪ ಸೊಸೆ ಶಂಕರಮ್ಮನ ಪಕ್ಕದಲ್ಲೇ ನಿಂತು, "ಬರೀ ಮಾತ್ರೆ ಕೊಟ್ಟು ಸಾಗಹಾಕ್ಬೇಡಿ ಕಣ್ರೀ. ಫೋಟೊನೂ ತೆಗೆಸ್ಲಿಲ್ಲ ಅಂತ ಬೀಗ್ರು ಆಡ್ಕೊಂತಾರೆ" ಎಂದು ಹಟ ಹಿಡಿದಿದ್ದ. ಹಿರಿಯನೆದುರು ಆ ಮಾತೆತ್ತಲು ನಾಲಿಗೆ ಬಾರದೆ ಇವನು, "ಬಸುರಿ ಅಲ್ಲ ತಾನೆ, ಯಜಮಾನ್ರೇ?" ಎಂದು ಮುಗಿಸಿದ್ದ.

"ಎಲ್ಲೀದು! ಮಗ ಇನ್ನೂ ಮೊಲೆ ಬಿಟ್ಟಿಲ್ಲ."

ಕಡೂರಿನ ಪಾಠದ ಮರುದಿನ ಮಾವ ಸೊಸೆ ಫೋಟೊದ ವಿಷಯ ಕೇಳಲು ಶಾಪಿಗೆ ಬಂದರು.

"ನೀವು ಸ್ವಲ್ಪ ಹೊರಗಿರಿ ಯಜಮಾನ್ರೇ."

"ನನ್ ಮುಂದೆ ಹೇಳ್ಬಾರ್ದಂಥದ್ದು ಏನೈತ್ರೀ?" ಗೊಣಗುತ್ತಲೇ ಈರಭದ್ರಪ್ಪ ಮಗುವನ್ನೆತ್ತಿಕೊಂಡು ಹೋದ.

ಫೋಟೊದಲ್ಲಿ ಹೊಟ್ಟೆಯ ಕೂಸು ಕಂಡದ್ದನ್ನು ಓಂಕಾರಮೂರ್ತಿ ಹೇಳಿದ. ಎಕ್ಸ್-ರೇಯಿಂದ ಅದಕ್ಕೆ ಏನೂ ಆಗಿರಲಿಕ್ಕಿಲ್ಲ, ಆದರೆ ಆಣೆಯಿಟ್ಟು ಹೇಳಲಾರೆ ಎಂದೂ ಹೇಳಿದ. ಶಂಕರಮ್ಮ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ನಂಗೆ ಗೊತ್ತಿತ್ತು ಸಾರ್. ಒಳಗೆ ಆಡ್ತಿತ್ತು."

"ಅವತ್ತೇ ಹೇಳ್ಬಾರ್ದಾಗಿತ್ತೇನಮ್ಮಾ?" ಅಂದವನಿಗೆ ತನ್ನ ದನಿ ತನಗೇ ಹೇಸಿಗೆಯಾಯಿತು.

"ನೀವು ಮಾವಾರನ್ನ ಕೇಳಿದ್ರಿ. ಅವ್ರು ಇಲ್ಲ ಅಂದ್ಮೇಲೆ ನಾನೆಂಗೆ ಹೌದು ಅನ್ಲಿ?"

ಅವಳೇ ಬಾಗಿಲು ತೆಗೆದಳು. ಬೆಂಚಿನ ಮೇಲೆ ತಾತನ ತೊಡೆಯಲ್ಲಿದ್ದ ಮಗು ಎರಡೂ ಕೈ ಚಾಚಿತು. ಬಗ್ಗಿ ಎತ್ತಿಕೊಂಡವಳು ನಡು ಹಿಡಿದು ಒಂದು ಗಳಿಗೆ ಹಾಗೇ ನಿಂತಳು.

"ಫೋಟೊದಾಗೆ ಏನೈತಂತೆ?" ಈರಭದ್ರಪ್ಪ ಡಾಕ್ಟರ ಮುಖ ನೋಡಿದ. ಬೆಂಚಿನ ಮೇಲಿದ್ದವರೆಲ್ಲ ನೋಡಿದರು. ಓಂಕಾರಮೂರ್ತಿ ಹೇಳಲೇ ಎಂದು ಕೇಳುವಂತೆ ಅವಳತ್ತ ನೋಡಿದ.

ಶಂಕರಮ್ಮ ಮಗುವಿನ ತಲೆಯ ಮೇಲೆ ಕೂತ ನೊಣವನ್ನು ಓಡಿಸುತ್ತಿದ್ದಳು.